ಒಂದೇ ಕಾದಂಬರಿ, ಒಮ್ಮತಕ್ಕೆ ಬಾರದ ಓದುಗರು
(ದತ್ತಿ ಉಪನ್ಯಾಸದ ಮುದ್ರಿತ ಪಾಠ)

1965ರಲ್ಲಿ ಕನ್ನಡಕ್ಕೆ ಎರಡು ಕಾದಂಬರಿಗಳು ಬಂದವು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಧಾರವಾಡದ ಮನೋಹರ ಗ್ರಂಥಮಾಲೆ ಹೊರತಂದಿತು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಬಂದದ್ದೂ ಅದೇ ವರ್ಷ. ಒಂದರಲ್ಲಿ ಮಲೆನಾಡಿನ ದೂರ್ವಾಸಪುರ ಅಗ್ರಹಾರದ ಪ್ರಾಣೇಶಾಚಾರ್ಯರು, ಇನ್ನೊಂದರಲ್ಲಿ ಕಪಿಲೆಯ ದಡದ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು. ಇಬ್ಬರೂ ಶಾಸ್ತ್ರ ಬಲ್ಲವರು, ಊರಿಗೆ ಬೇಕಾದವರು, ನಂಬಿದಂತೆ ನಡೆದವರು. ಕಥೆ ಮುಗಿಯುವ ಹೊತ್ತಿಗೆ ಇಬ್ಬರ ನಂಬಿಕೆಯ ಬುಡವೂ ಅಲುಗಾಡಿರುತ್ತದೆ. ವಸ್ತುವಿನಲ್ಲಿ ಇಷ್ಟು ಹತ್ತಿರವಿರುವ ಎರಡು ಪುಸ್ತಕಗಳನ್ನು ಓದಿದವರು ಅವುಗಳ ಬಗ್ಗೆ ಅರವತ್ತು ವರ್ಷಗಳಿಂದಲೂ ಒಂದು ಮಾತಿಗೆ ಬಂದಿಲ್ಲ. ಒಂದನ್ನು ಮೆಚ್ಚಿದವರು ಇನ್ನೊಂದನ್ನು ಮೆಚ್ಚಲಾರರು ಎಂಬಂತೆ ಪಂಗಡಗಳೂ ಆದವು.

ಆ ವರ್ಷಕ್ಕೆ ಇನ್ನೆರಡು ಕಾರಣಗಳಿಂದಲೂ ಮಹತ್ವವಿದೆ. ‘ಸುಧಾ’ ವಾರಪತ್ರಿಕೆ ಆರಂಭವಾದದ್ದು 1965ರಲ್ಲಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯೂ 1965ರದ್ದೇ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆ ಆ ದಶಕದಲ್ಲೇ ನವ್ಯ ಬರವಣಿಗೆಗೆ ವೇದಿಕೆಯಾಗಿತ್ತು. ಧಾರಾವಾಹಿಯ ಮುಂದಿನ ಕಂತಿಗೆ ಕಾಯುವವರು, ಗಂಭೀರ ವಿಮರ್ಶೆಗೆ ಕಾಯುವವರು, ಊರಿನ ಗ್ರಂಥಾಲಯದ ಕಪಾಟಿನಿಂದ ಕೈಗೆ ಸಿಕ್ಕಿದ್ದನ್ನು ಮನೆಗೆ ಒಯ್ಯುವವರು, ಹೀಗೆ ಕನ್ನಡದ ಓದುಗ ವರ್ಗ ಹಲವಾಗಿ ಬೆಳೆಯಿತು. ಒಂದೇ ಕಾದಂಬರಿ ಇವರೆಲ್ಲರ ಕೈಗೂ ಹೋಗುವಂತಾಯಿತು.

ಇತ್ತೀಚೆಗೆ ಓದಿ ಮುಗಿಸಿದ ಕಾದಂಬರಿಯ ಬಗ್ಗೆ ಇಬ್ಬರು ಓದುಗರ ಅಭಿಪ್ರಾಯ ಏಕೆ ಬೇರೆಯಾಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ. ‘ಲೋಕೋ ಭಿನ್ನ ರುಚಿಃ’ ಎಂದು ಹೇಳಿ ಇದನ್ನು ಮುಗಿಸಿಬಿಡುವುದು ಸುಲಭ. ಹಾಗೆ ಮುಗಿಸಿದರೆ ಕಾದಂಬರಿಗೂ ನಷ್ಟ, ಓದುಗರಿಗೂ ನಷ್ಟ. ಇಬ್ಬರು ಪ್ರಾಮಾಣಿಕ ಓದುಗರು ಒಂದು ಕೃತಿಯ ಬಗ್ಗೆ ಒಪ್ಪದೆ ಹೋದರೆ, ಆ ಒಪ್ಪದಿರುವಿಕೆ ಹುಟ್ಟಿದ ಜಾಗ ಬಹಳ ಸಲ ಆ ಕೃತಿಯೊಳಗೇ ಇರುತ್ತದೆ. ಯಾವ ಪುಟದಲ್ಲಿ, ಯಾವ ಪಾತ್ರದಲ್ಲಿ, ಯಾವ ಮೌನದಲ್ಲಿ ಎಂದು ಹುಡುಕಿದರೆ ಆ ಕಾದಂಬರಿಯನ್ನು ಕಟ್ಟಿದ ಬಗೆ ಗೊತ್ತಾಗುತ್ತದೆ. ಕನ್ನಡದ ಕೆಲವು ಕಾದಂಬರಿಗಳನ್ನು ಹಿಡಿದು ಈ ಮಾತನ್ನು ಪರೀಕ್ಷಿಸಬಹುದು.

ಕಾತ್ಯಾಯನಿಗೆ ಶಿಕ್ಷೆ ಕೊಟ್ಟವರು ಯಾರು?

‘ವಂಶವೃಕ್ಷ’ವನ್ನು ಓದಿ ಮುಗಿಸಿದವರಲ್ಲಿ ಇಂದಿಗೂ ಏಳುವ ವಾದ ಕಾತ್ಯಾಯನಿಯದು. ಚಿಕ್ಕ ವಯಸ್ಸಿನಲ್ಲೇ ಅವಳ ಗಂಡ, ಶ್ರೋತ್ರಿಗಳ ಮಗ ನಂಜುಂಡ, ಕಪಿಲಾ ನದಿಯ ಪಾಲಾಗುತ್ತಾನೆ. ಕೈಗೂಸಿನ ತಾಯಿ ಕಾತ್ಯಾಯನಿ ನಂಜನಗೂಡಿನಿಂದ ಮೈಸೂರಿಗೆ ಹೋಗಿ ಓದುತ್ತಾಳೆ, ಅಲ್ಲಿ ರಾಜ ಎಂಬವನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗು ಶ್ರೋತ್ರಿಗಳ ಮನೆಯಲ್ಲೇ ಉಳಿಯುತ್ತದೆ. ಹೊಸ ಸಂಸಾರದಲ್ಲಿ ಅವಳಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತದೆ, ಪಾಪಪ್ರಜ್ಞೆ ಅವಳನ್ನು ತಿನ್ನುತ್ತದೆ, ಕೊನೆಗೆ ಸಾಯುತ್ತಾಳೆ.

ಒಂದು ಪಕ್ಷದ ಓದುಗರು ಈ ಗರ್ಭಪಾತಗಳನ್ನು ಎಣಿಸುತ್ತಾರೆ. ಮರುಮದುವೆಯಾದ ವಿಧವೆಗೆ ಕಾದಂಬರಿಕಾರರು ಸುಖವನ್ನೇ ಕೊಡಲಿಲ್ಲ, ಹಳೆಯ ಧರ್ಮದ ಪರವಾಗಿ ಕಥೆಯನ್ನೇ ತೂಗಿಬಿಟ್ಟರು ಎಂಬುದು ಅವರ ಆಕ್ಷೇಪ. ಇನ್ನೊಂದು ಪಕ್ಷದವರು ಶ್ರೋತ್ರಿಗಳ ಹುಟ್ಟಿನ ಕಡೆಗೆ ಕೈ ತೋರಿಸುತ್ತಾರೆ. ವಂಶದ ಪಾವಿತ್ರ್ಯವನ್ನೇ ಉಸಿರಾಗಿ ಬದುಕಿದ ಶ್ರೋತ್ರಿಗಳಿಗೆ, ತಾನು ಆ ವಂಶದ ರಕ್ತಕ್ಕೆ ಹುಟ್ಟಿದವನೇ ಅಲ್ಲ ಎಂಬ ಸತ್ಯ ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಯಾವ ಬೇರಿಗಾಗಿ ಕಾತ್ಯಾಯನಿ ಮಗನನ್ನು ಬಿಟ್ಟಳೋ ಆ ಬೇರೇ ಸುಳ್ಳಾಗಿತ್ತು. ಹಾಗಿರುವಾಗ ಈ ಕಾದಂಬರಿ ಸಂಪ್ರದಾಯದ ವಕಾಲತ್ತು ಹೇಗಾಗುತ್ತದೆ ಎಂದು ಅವರು ಕೇಳುತ್ತಾರೆ.

ಎರಡೂ ಪಕ್ಷಗಳ ಕೈಯಲ್ಲಿ ಪುಟಗಳ ಆಧಾರವಿದೆ. ಹಾಗಾದರೆ ಸಿಕ್ಕು ಎಲ್ಲಿದೆ? ಭೈರಪ್ಪನವರು ಈ ಎರಡು ಸಂಗತಿಗಳನ್ನು ಜೋಡಿಸಿದ ಕ್ರಮದಲ್ಲಿದೆ. ಕಾತ್ಯಾಯನಿಯ ನೋವು ನೂರಾರು ಪುಟಗಳ ಉದ್ದಕ್ಕೂ ಓದುಗರ ಕಣ್ಣೆದುರೇ ನಡೆಯುತ್ತದೆ. ಶ್ರೋತ್ರಿಗಳ ಹುಟ್ಟಿನ ಸತ್ಯ ತಡವಾಗಿ ಬರುತ್ತದೆ, ಬಂದಾಗ ಹಿಂದಿನದನ್ನೆಲ್ಲ ತಿರುಗಿ ನೋಡುವಂತೆ ಮಾಡುತ್ತದೆ. ಓದುತ್ತಿರುವಾಗ ಆದ ಅನುಭವಕ್ಕೆ ಬೆಲೆ ಕೊಡುವವರು ಮೊದಲ ಪಕ್ಷ ಸೇರುತ್ತಾರೆ. ಓದಿ ಮುಗಿಸಿದ ಮೇಲೆ ಕೂಡುವ ಲೆಕ್ಕಕ್ಕೆ ಬೆಲೆ ಕೊಡುವವರು ಎರಡನೆಯದನ್ನು ಸೇರುತ್ತಾರೆ. ಮುಂದೆ ಗಿರೀಶ ಕಾರ್ನಾಡರು ಮತ್ತು ಬಿ.ವಿ. ಕಾರಂತರು ಇದನ್ನು ಜೊತೆಯಾಗಿ ಸಿನಿಮಾ ಮಾಡಿದರು. ಭೈರಪ್ಪನವರ ವಿಚಾರಗಳಿಂದ ದೂರವಿದ್ದ ಕಾರ್ನಾಡರಂಥವರಿಗೂ ಈ ಕಥೆಯಲ್ಲಿ ಕೈಗೆತ್ತಿಕೊಳ್ಳುವಂಥದ್ದು ಕಂಡಿತ್ತು ಎಂಬುದನ್ನು ಮೊದಲ ಪಕ್ಷದವರು ಮರೆಯಬಾರದು. ಕಾತ್ಯಾಯನಿಯ ದೇಹವೇ ಏಕೆ ದಂಡ ತೆರಬೇಕಾಯಿತು, ರಾಜನಿಗೆ ಅಂಥ ಪಾಪಪ್ರಜ್ಞೆ ಏಕೆ ಕಾಡಲಿಲ್ಲ ಎಂಬ ಪ್ರಶ್ನೆಗೆ ಎರಡನೆಯ ಪಕ್ಷದವರೂ ಉತ್ತರ ಹುಡುಕಬೇಕು.

ಗಾಡಿಯಲ್ಲಿ ಕುಳಿತ ಆಚಾರ್ಯರು

‘ಸಂಸ್ಕಾರ’ದ ವಾದ ಹಬ್ಬಿದಷ್ಟು ದೂರ ಕನ್ನಡದ ಇನ್ನೊಂದು ಕಾದಂಬರಿಯ ವಾದ ಹಬ್ಬಿದ್ದು ಅಪರೂಪ. ಅನಂತಮೂರ್ತಿಯವರು ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗಾಗಿ ಅಲ್ಲಿದ್ದಾಗ. ಬರ್ಗ್‌ಮನ್ ನಿರ್ದೇಶಿಸಿದ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ್ದು ಇದಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಪುಸ್ತಕ ಅಚ್ಚಾದದ್ದು ಧಾರವಾಡದಲ್ಲಿ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆದ ಪ್ರಕಾಶನ. ಪುಸ್ತಕ ಮೊದಲು ಹೋಗುತ್ತಿದ್ದದ್ದು ಚಂದಾ ಕಟ್ಟಿದವರ ಮನೆಗೆ. ಪುಸ್ತಕವನ್ನು ತಾವಾಗಿ ಆರಿಸಿಕೊಳ್ಳದ ಓದುಗರ ಮುಂದೆಯೂ ನಾರಣಪ್ಪನ ಹೆಣ ಹೀಗೆ ಬಂದು ಬಿದ್ದಿತು.

ಪ್ಲೇಗಿನಿಂದ ಸತ್ತ ನಾರಣಪ್ಪ ಬ್ರಾಹ್ಮಣ್ಯವನ್ನು ತೊರೆದವನು. ಬ್ರಾಹ್ಮಣ್ಯ ಅವನನ್ನು ಬಿಟ್ಟಿತ್ತೇ ಎಂಬುದು ಅಗ್ರಹಾರದ ಪ್ರಶ್ನೆ. ಹೆಣದ ಸಂಸ್ಕಾರ ಮಾಡುವವರು ಯಾರು ಎಂಬುದಕ್ಕೆ ಉತ್ತರ ಹುಡುಕುತ್ತ ಹೊರಟ ಪ್ರಾಣೇಶಾಚಾರ್ಯರು ನಾರಣಪ್ಪನ ಸಂಗಾತಿ ಚಂದ್ರಿಯ ತೋಳಿಗೆ ಬೀಳುತ್ತಾರೆ. ಕಾದಂಬರಿ ಬಂದಾಗ ಮಾಧ್ವ ಸಮುದಾಯದ ಹಲವು ಓದುಗರಿಗೆ ಇದು ತಮ್ಮ ಮನೆತನಗಳ ಮೇಲೆ ಎರಚಿದ ಕೆಸರು ಎನ್ನಿಸಿತು. ಇಂಥ ಪ್ರಸಂಗಕ್ಕೆ ಧರ್ಮಶಾಸ್ತ್ರದಲ್ಲಿ ದಾರಿ ಇರುವಾಗ ಒಬ್ಬ ಮಹಾಪಂಡಿತ ತಡಕಾಡುವುದು ಅಸಹಜ ಎಂಬ ಆಕ್ಷೇಪವೂ ಬಂತು. ಇನ್ನು ಕೆಲವರಿಗೆ, ಅದರಲ್ಲೂ ಆಗಿನ ತರುಣರಿಗೆ, ಕಟ್ಟು ಬಿಚ್ಚಿದ ಅನುಭವವಾಯಿತು. ಪಟ್ಟಾಭಿರಾಮ ರೆಡ್ಡಿಯವರು ಮಾಡಿದ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಮೊದಲು ಅಡ್ಡ ನಿಂತಿತು; ಆಮೇಲೆ ಅದೇ ಸಿನಿಮಾ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು.

1976ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ಓದುಗರ ಇನ್ನೊಂದು ವಲಯ ಸೇರಿಕೊಂಡಿತು. ರಾಮಾನುಜನ್ ತಮ್ಮ ಹಿನ್ನುಡಿಯಲ್ಲಿ ಆಚಾರ್ಯರ ಅಲೆದಾಟವನ್ನು ಒಂದು ದೀಕ್ಷೆಯ ಹಂತಗಳಂತೆ ಓದಿದರು: ಸಮುದಾಯದಿಂದ ಬೇರ್ಪಡುವುದು, ನಡುವಿನ ತ್ರಿಶಂಕು ಸ್ಥಿತಿ, ಮರಳುವ ಹಾದಿ. ಮರುವರ್ಷ, 1977ರಲ್ಲಿ, ವಿ.ಎಸ್. ನೈಪಾಲ್ ಭಾರತದ ಬಗೆಗಿನ ತಮ್ಮ ಪುಸ್ತಕದಲ್ಲಿ ಇದೇ ಕಥೆಯನ್ನು ಎತ್ತಿಕೊಂಡು, ಹೊರಜಗತ್ತನ್ನು ಮರೆತು ತನ್ನೊಳಗೇ ಸುತ್ತುವ ಹಿಂದೂ ಮನಸ್ಸಿಗೆ ಆಚಾರ್ಯರನ್ನು ಉದಾಹರಣೆಯಾಗಿ ನಿಲ್ಲಿಸಿದರು. ಒಬ್ಬರಿಗೆ ಬೆಳವಣಿಗೆಯ ಮೆಟ್ಟಿಲಾಗಿ ಕಂಡದ್ದು ಇನ್ನೊಬ್ಬರಿಗೆ ನಾಗರಿಕತೆಯ ಕೊರತೆಯಾಗಿ ಕಂಡಿತು. ಇಬ್ಬರಿಗೂ ಆಧಾರ ಪ್ರಾಣೇಶಾಚಾರ್ಯರ ಅದೇ ಒಳತೋಟಿ.

ಇಷ್ಟೆಲ್ಲ ಓದುಗಳು ಹುಟ್ಟಲು ಕಾದಂಬರಿಯ ಕೊನೆಯೇ ಮುಖ್ಯ ಕಾರಣ. ಆಚಾರ್ಯರು ದೂರ್ವಾಸಪುರದ ಕಡೆಗೆ ಗಾಡಿ ಹತ್ತಿ ಕುಳಿತಿರುತ್ತಾರೆ. ಊರಿಗೆ ಹೋಗಿ ಎಲ್ಲರೆದುರು ನಡೆದದ್ದನ್ನು ಹೇಳುತ್ತಾರೋ, ಬಾಯಿ ಕಟ್ಟುತ್ತದೋ ಗೊತ್ತಾಗುವ ಮೊದಲೇ ಪುಸ್ತಕ ನಿಲ್ಲುತ್ತದೆ. ಧೈರ್ಯವಂತ ಆಚಾರ್ಯರನ್ನು ಬಯಸುವ ಓದುಗ ಅವರನ್ನು ಅಗ್ರಹಾರದ ಜಗಲಿಗೆ ತಲುಪಿಸಿ ಮಾತಾಡಿಸುತ್ತಾನೆ. ಅವರನ್ನು ನಂಬದ ಓದುಗ ಅರ್ಧ ದಾರಿಯಲ್ಲೇ ಇಳಿಸಿಬಿಡುತ್ತಾನೆ.

ಆದರೆ ಬಹಳ ಓದುಗರು ಹಾದುಹೋಗುವ ಒಂದು ಸಂಗತಿ ನಡುವಿನ ಪುಟಗಳಲ್ಲಿದೆ. ಹೆಣ ಕೊಳೆಯುವುದನ್ನು ನೋಡಲಾರದೆ ಚಂದ್ರಿಯೇ ಒಬ್ಬ ಮುಸ್ಲಿಂ ವ್ಯಾಪಾರಿಯ ನೆರವು ಪಡೆದು ರಾತ್ರೋರಾತ್ರಿ ನಾರಣಪ್ಪನನ್ನು ಸುಟ್ಟು, ಊರು ಬಿಟ್ಟು ಹೋಗುತ್ತಾಳೆ. ಇದು ಓದುಗರಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಇಡೀ ಅಗ್ರಹಾರ ಉಪವಾಸ ಬಿದ್ದು ಬಿಡಿಸಲಾರದ ಕಗ್ಗಂಟನ್ನು ಅವಳು ಒಂದು ರಾತ್ರಿಯಲ್ಲಿ ಬಿಡಿಸಿದ್ದಾಳೆ. ಆಮೇಲೆ ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ, ಆಚಾರ್ಯರ ಹಿಂದೆಯೇ ಹೋಗುತ್ತದೆ. ಚಂದ್ರಿ, ಬೆಳ್ಳಿಯಂಥ ಹೆಂಗಸರು ಇಲ್ಲಿ ಬರೀ ದೇಹವಾಗಿ ಉಳಿದರು ಎಂದು ಸ್ತ್ರೀವಾದಿ ಓದುಗರು ಮಾಡಿದ ಟೀಕೆಗೆ ಬಲ ಬರುವುದು ಇಲ್ಲಿ. ಆಚಾರ್ಯರ ತಳಮಳದ ವ್ಯರ್ಥತೆಯನ್ನು ತೋರಿಸಲೆಂದೇ ಲೇಖಕರು ಹೀಗೆ ಮಾಡಿದ್ದಾರೆ ಎನ್ನುವವರಿಗೂ ಬಲ ಇಲ್ಲಿಂದಲೇ ಬರುತ್ತದೆ. ಚಂದ್ರಿಯ ಆ ರಾತ್ರಿಗೆ ಎಷ್ಟು ತೂಕ ಕೊಡಬೇಕು ಎಂಬುದು ‘ಸಂಸ್ಕಾರ’ದ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ. ಅಪಮಾನ, ಬಂಡಾಯ ಎಂಬ ಎರಡು ಹಳೆಯ ಪದಗಳಿಗಿಂತ ಅದು ಓದುಗರನ್ನು ಮುಂದೆ ಒಯ್ಯುತ್ತದೆ.

ಅನಿತಾ ಏನಾದಳು?

ಕಾದಂಬರಿಯ ಅರ್ಥದ ಬಗ್ಗೆ ಜಗಳವಾಡುವುದು ಒಂದು ಬಗೆ. ಕಥೆಯಲ್ಲಿ ನಡೆದದ್ದಾದರೂ ಏನು ಎಂಬ ಬಗ್ಗೆಯೇ ಒಮ್ಮತವಿಲ್ಲದಿರುವುದು ಇನ್ನೊಂದು ಬಗೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. ಕನ್ನಡದಲ್ಲಿ 2013ರಲ್ಲಿ ಬಂದ ಈ ಕಿರುಕಾದಂಬರಿಯನ್ನು ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದರು; 2017ರಲ್ಲಿ ಅದು ಅಮೆರಿಕದಲ್ಲೂ ಪ್ರಕಟವಾಗಿ ಬಹಳ ದೂರದ ಓದುಗರನ್ನು ಮುಟ್ಟಿತು.

ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಮನೆ. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಚಿಕ್ಕಪ್ಪ ಕಟ್ಟಿದ ಸೋನಾ ಮಸಾಲಾ ವ್ಯಾಪಾರ ಆ ಮನೆಯನ್ನು ದಿಢೀರನೆ ಶ್ರೀಮಂತಗೊಳಿಸುತ್ತದೆ. ಕಥೆ ಹೇಳುವವನಿಗೆ ಹೆಸರಿಲ್ಲ, ಕೆಲಸವೂ ಇಲ್ಲವೆನ್ನಬಹುದು. ಹೈದರಾಬಾದಿನಿಂದ ಬಂದ ಅವನ ಹೆಂಡತಿ ಅನಿತಾ ಮನೆಯವರ ಎದುರು ಸತ್ಯ ಆಡಿಬಿಡುವವಳು. ತವರಿಗೆ ಹೋದ ಅವಳ ಸುದ್ದಿ ಇಲ್ಲ. ಕೊನೆಯಲ್ಲಿ ಕಾಫಿ ಹೌಸಿನ ವೇಟರ್ ವಿನ್ಸೆಂಟ್ ಅವನ ಕೈ ಮೇಲಿನ ರಕ್ತವನ್ನು ತೋರಿಸಿ, ತೊಳೆದುಕೊಳ್ಳಿ ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು.

ಅನಿತಾಳ ಕೊಲೆಯಾಗಿದೆ ಎಂದು ಖಚಿತವಾಗಿ ಹೇಳುವ ಓದುಗರಿದ್ದಾರೆ. ಮನೆಗೆ ನುಗ್ಗಿದ ಇರುವೆಗಳನ್ನು ಕೊಲ್ಲುವುದರಲ್ಲಿ ಅಮ್ಮ ಮತ್ತು ಸೋದರಿ ಮಾಲತಿ ತೋರುವ ಹುಮ್ಮಸ್ಸು, ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಅವರು ಅವಮಾನಿಸಿ ಅಟ್ಟಿದ ರೀತಿ, ದುಡಿಯುವ ಚಿಕ್ಕಪ್ಪನಿಗೆ ಏನೂ ಆಗಬಾರದೆಂಬ ಮನೆಯ ಅಲಿಖಿತ ಕಾನೂನು, ಇವೆಲ್ಲ ಅವರ ಸಾಕ್ಷ್ಯ. ಏನೂ ಆಗಿಲ್ಲ, ಆಗಿರಬಹುದೆಂಬ ಭಯವೇ ಅವನ ಪಾಪದ ಫಲ ಎನ್ನುವವರೂ ಇದ್ದಾರೆ. ಕಥೆ ಹೇಳುವವನ ಬಾಯಿಂದ ಬಂದದ್ದು ಬಿಟ್ಟು ಬೇರೆ ಯಾವ ಆಧಾರವೂ ಓದುಗರಿಗಿಲ್ಲ ಎಂದು ಅವರು ನೆನಪಿಸುತ್ತಾರೆ. ಮೂರನೆಯ ಗುಂಪಿಗೆ ಈ ಅಂತ್ಯವೇ ಸರಿಬರಲಿಲ್ಲ: ಅಷ್ಟು ಸೂಕ್ಷ್ಮವಾಗಿ ಕಟ್ಟಿದ ಸಂಸಾರದ ಕಥೆಗೆ ಪತ್ತೇದಾರಿ ಕಥೆಯ ತಿರುವು ಏಕೆ ಬೇಕಿತ್ತು ಎಂದು ಅವರು ಕೇಳುತ್ತಾರೆ.

ಇದು ಗಟ್ಟಿ ಪ್ರಶ್ನೆ, ಆದರೆ ಇದಕ್ಕೆ ಉತ್ತರವಿದೆ. ಆ ಹೆಂಗಸನ್ನು ಮನೆಮಂದಿ ಬೈದು ಅಟ್ಟಿದ ದಿನ ಕಥೆ ಹೇಳುವವನು ಸುಮ್ಮನೆ ನಿಂತಿದ್ದ. ಓದುಗರೂ ಅವನೊಂದಿಗೆ ಸುಮ್ಮನೆ ನಿಂತು ಮುಂದಿನ ಪುಟಕ್ಕೆ ಹೋದರು; ಆ ಮನೆಯ ಬಗ್ಗೆ, ಅದರ ಹಾಸ್ಯದ ಬಗ್ಗೆ ಸಲಿಗೆ ಬೆಳೆಸಿಕೊಂಡರು. ಕೊಲೆ ನಡೆದಿದೆಯೋ ಇಲ್ಲವೋ ಎಂಬುದನ್ನು ಲೇಖಕರು ಮುಚ್ಚಿಟ್ಟಿರುವುದರಿಂದ, ಓದುಗರು ತೀರ್ಪು ಕೊಡಲು ಹಿಂದಿನ ಪುಟಗಳಿಗೆ ಹೋಗಲೇಬೇಕು. ಹೋದಾಗ ಮೊದಲ ಓದಿನಲ್ಲಿ ನಗು ತರಿಸಿದ ಸಣ್ಣ ಕ್ರೌರ್ಯಗಳೇ ಕೈಗೆ ಸಿಗುತ್ತವೆ. ಆ ಮನೆ ಕೊಲೆ ಮಾಡಬಲ್ಲದು ಎಂದು ನಂಬಲು ಓದುಗರು ಎಷ್ಟು ಬೇಗ ಸಿದ್ಧರಾದರು ಎಂಬುದೇ ಕಾದಂಬರಿ ಮಾಡಿದ ಕೆಲಸ. ಹೀಗೆ ನೋಡಿದರೆ ಇಲ್ಲಿ ಭಿನ್ನಾಭಿಪ್ರಾಯ ಕೃತಿಯ ರಚನೆಯ ಭಾಗವೇ ಆಗಿದೆ. ಎಲ್ಲರೂ ಒಂದೇ ಉತ್ತರಕ್ಕೆ ಬಂದಿದ್ದರೆ ಈ ಪುಸ್ತಕ ಸೋತಿತೆಂದು ಅರ್ಥ.

ಭಾಷೆಯ ಹೊಸ್ತಿಲು, ತಾಳ್ಮೆಯ ದಾರಿ

ಕೆಲವು ಕಾದಂಬರಿಗಳ ಬಗ್ಗೆ ವಾದ ಎಷ್ಟೋ ಸಲ ಓದಿ ಮುಗಿಸಿದವರು ಮತ್ತು ಮುಗಿಸಲಾರದವರ ನಡುವೆ ನಡೆಯುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚೆನ್ನನ ಕೊಲೆ ಇದರ ನಡುವಿನ ಗಾಯ. ಆದರೆ ಕಥೆ ನೇರ ದಾರಿಯಲ್ಲಿ ಸಾಗುವುದಿಲ್ಲ. ರಾತ್ರಿ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಮಾತೆಲ್ಲ ನಂಜನಗೂಡು ಸೀಮೆಯ ಆಡುನುಡಿ.

ಪುಸ್ತಕ ತೆರೆದ ಬಹಳ ಜನ ಕೆಲವೇ ಪುಟಗಳಲ್ಲಿ ನಿಂತರು. ಇಷ್ಟು ಚಿಕ್ಕ ಪುಸ್ತಕ, ಇಷ್ಟು ಕಷ್ಟ ಏಕೆ ಎಂಬ ದೂರು ವಿದ್ವಾಂಸರಿಂದಲೂ ಬಂತು. ಇನ್ನೊಂದು ಕಡೆ ಆ ಸೀಮೆಯ ಓದುಗರಿಗೆ ಇದು ತಮ್ಮ ಅಜ್ಜಿಯ ಬಾಯಿಯ ಮಾತು. ಅವರಿಗೆ ತೊಡಕಾಗುವುದಿದ್ದರೆ ಆ ಮಾತು ಅಚ್ಚಿನಲ್ಲಿ ಕಾಣುವುದೇ ತೊಡಕು. ಗಟ್ಟಿಯಾಗಿ ಓದಿದ ಕೂಡಲೇ ಅದು ಹರಿಯತೊಡಗುತ್ತದೆ. ಹಳಗನ್ನಡ ಕಾವ್ಯಗಳನ್ನೂ ವಚನಗಳನ್ನೂ ಸಂಪಾದಿಸಿದ ಹಿರಿಯ ವಿದ್ವಾಂಸ ಎಲ್. ಬಸವರಾಜು ಅವರು ‘ಕುಸುಮಬಾಲೆ’ಯ ಗದ್ಯವನ್ನು ಪದ್ಯದ ಸಾಲುಗಳಂತೆ ಒಡೆದು ಜೋಡಿಸಿ ತೋರಿಸಿದರು. ಅಭಿಪ್ರಾಯಭೇದಕ್ಕೆ ಅವರು ವಾದದಿಂದ ಉತ್ತರ ಕೊಡಲಿಲ್ಲ, ಓದುವ ದಾರಿಯನ್ನೇ ಮಾಡಿಕೊಟ್ಟರು. ಕನ್ನಡ ವಿಮರ್ಶೆಯಲ್ಲಿ ಇಂಥ ಕೆಲಸ ಅಪರೂಪ, ಇದಕ್ಕೆ ಸಿಗಬೇಕಾದ ಮೆಚ್ಚುಗೆ ಇನ್ನೂ ಸಾಲದು.

ಶಿಷ್ಟ ಕನ್ನಡವನ್ನೇ ಎಲ್ಲರ ಕನ್ನಡವೆಂದು ತಿಳಿದವರು ‘ಅರ್ಥವಾಗಲಿಲ್ಲ’ ಎಂದು ಹೇಳುವಾಗ ಒಂದು ವಿಷಯ ಗಮನಿಸಬೇಕು. ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಮೈಸೂರು ಸೀಮೆಯವರೂ, ಹಳೆ ಮೈಸೂರಿನ ಕಾದಂಬರಿಗಳನ್ನು ಉತ್ತರ ಕರ್ನಾಟಕದವರೂ ಸ್ವಲ್ಪ ಶ್ರಮಪಟ್ಟೇ ಓದಿದ್ದಾರೆ. ಶ್ರಮ ಯಾರ ಪಾಲಿಗೆ ಬೀಳಬೇಕು ಎಂಬುದರಲ್ಲೂ ಮೇಲು ಕೀಳಿನ ಲೆಕ್ಕ ಕೆಲಸ ಮಾಡುತ್ತದೆ. ‘ಕುಸುಮಬಾಲೆ’ ಆ ಲೆಕ್ಕವನ್ನು ತಿರುಗಿಸಿತು. ಅದರ ಬಗ್ಗೆ ಎದ್ದ ಸಿಟ್ಟಿನಲ್ಲಿ ಒಂದು ಪಾಲು ಇದಕ್ಕೇ ಸೇರಿದ್ದು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೇಳುವುದು ಬೇರೆ ಬಗೆಯ ತಾಳ್ಮೆ. ಇಲ್ಲಿ ನಾಯಕನೆಂದು ಒಬ್ಬನನ್ನು ಬೊಟ್ಟು ಮಾಡಲಾಗದು. ಗುತ್ತಿ ಮತ್ತು ತಿಮ್ಮಿ, ಮುಕುಂದಯ್ಯ ಮತ್ತು ಚಿನ್ನಮ್ಮ, ಐತ ಮತ್ತು ಪೀಂಚಲು, ಹೀಗೆ ಜೋಡಿಗಳ ಹಿಂದೆ ಜೋಡಿಗಳು, ಕಾಡು, ಮಳೆ, ಉಂಬಳ. ಪಾತ್ರಗಳ ನೆಂಟಸ್ತಿಕೆಯನ್ನು ಕಾಗದದಲ್ಲಿ ಬರೆದುಕೊಂಡು ಓದಿದವರಿದ್ದಾರೆ, ನೂರು ಪುಟಕ್ಕೆ ಕೈಬಿಟ್ಟವರಿದ್ದಾರೆ, ಮುಗಿಸಿದ ಕೂಡಲೇ ಮತ್ತೆ ಮೊದಲ ಪುಟಕ್ಕೆ ಹೋದವರೂ ಇದ್ದಾರೆ. ಗುತ್ತಿಯ ನಾಯಿ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವ ಭಾಗದಲ್ಲಿ ಮನುಷ್ಯರ ಸಾವಿಗಿಂತ ಹೆಚ್ಚು ಅತ್ತೆವು ಎನ್ನುವವರು ಬಹಳ. ಒಂದು ನಾಯಿಗೆ ಅಷ್ಟು ಜಾಗವೇ ಎಂದು ಕೇಳುವವರಿಗೆ ಕಾದಂಬರಿಯ ಒಟ್ಟು ನೋಟವೇ ಉತ್ತರ. ಅಲ್ಲಿ ಯಾವ ಜೀವವೂ ಹಿನ್ನೆಲೆಗೆಂದು ಬಂದದ್ದಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿಸಿದರು. ಪುಸ್ತಕ ಮುಗಿಸಲಾರದೆ ಬಿಟ್ಟಿದ್ದ ಅನೇಕರು ಬೆಳಗಿನವರೆಗೆ ಕೂತು ನೋಡಿದರು. ಉದ್ದವೇ ತೊಡಕಾಗಿದ್ದರೆ ಅವರು ನಡುರಾತ್ರಿಗೇ ಎದ್ದು ಹೋಗಬೇಕಿತ್ತು.

ವಾದ ಪುಟದಿಂದ ಹೊರಗೆ ಹೋದಾಗ

ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಎದ್ದ ಗದ್ದಲವನ್ನು ಕನ್ನಡದ ಓದುಗರು ಮರೆತಿಲ್ಲ. ಬಿಡುಗಡೆಗೆ ಮುನ್ನವೇ ಮೊದಲ ಮುದ್ರಣ ಖರ್ಚಾಗಿತ್ತು. ತಿಂಗಳುಗಳ ಅಂತರದಲ್ಲಿ ಮರುಮುದ್ರಣಗಳಾದವು. ಭೈರಪ್ಪನವರು ಕಾದಂಬರಿಕಾರರಿಗಿಂತ ಹೆಚ್ಚಾಗಿ ಚರ್ಚಾಪಟು ಎಂಬ ಅರ್ಥದ ಮಾತನ್ನು ಅನಂತಮೂರ್ತಿಯವರು ಆಡಿದರು. ಅದಕ್ಕೆ ಪ್ರತಿಯಾಗಿ ನೂರು ಮಾತು ಬಂತು. ಪರ ವಿರೋಧದ ಲೇಖನಗಳು ಪುಸ್ತಕಗಳಾಗಿಯೇ ಪ್ರಕಟವಾದವು.

ಈ ವಾದದ ಬಹುಪಾಲು ಇತಿಹಾಸದ ಬಗ್ಗೆ ಇತ್ತು. ಕಾದಂಬರಿಯೊಳಗೇ ಆಕರ ಗ್ರಂಥಗಳ ಪಟ್ಟಿ ಇದ್ದುದರಿಂದ ಅದು ಸಹಜವೂ ಆಗಿತ್ತು. ಆದರೆ ಕಾದಂಬರಿಯ ಓದುಗರು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇದ್ದವು. ಮದುವೆಯಾಗಿ ರಜಿಯಾ ಆದ ಲಕ್ಷ್ಮಿ, ತಂದೆ ತೀರಿಕೊಂಡ ಮೇಲೆ ಹಳ್ಳಿಗೆ ಬಂದು ಅವರ ಪುಸ್ತಕಗಳನ್ನು ಓದುತ್ತ ತಾನೇ ಒಂದು ಕಾದಂಬರಿ ಬರೆಯುತ್ತಾಳೆ. ಆ ಒಳಕಾದಂಬರಿ ಅವಳ ಬದುಕಿನಿಂದ ಹುಟ್ಟಿದ್ದೆನ್ನಿಸುತ್ತದೆಯೇ? ಅವಳ ಗಂಡ ಅಮೀರನಿಗೆ ತನ್ನ ಪಕ್ಷವನ್ನು ಪೂರ್ತಿ ಹೇಳಲು ಕಾದಂಬರಿ ಅವಕಾಶ ಕೊಡುತ್ತದೆಯೇ? ಕೃತಿಯನ್ನು ಹೊತ್ತು ಮೆರೆಸಿದವರೂ ತಿರಸ್ಕರಿಸಿದವರೂ ಈ ಪ್ರಶ್ನೆಗಳ ಬಳಿ ನಿಂತದ್ದು ಕಡಿಮೆ. ಅಮೀರನ ಪಾತ್ರವನ್ನು ಹಿಡಿದು ವಾದಿಸಿದ್ದರೆ ಎರಡೂ ಕಡೆಯವರಿಗೆ ಒಂದೇ ನೆಲ ಸಿಗುತ್ತಿತ್ತು. ಓದದೆಯೇ ಪಕ್ಷ ಹಿಡಿಯಲು ಸಾಧ್ಯವಾಗುವ ವಾದ ಸಾಹಿತ್ಯದ ವಾದವಾಗಿ ಉಳಿಯುವುದಿಲ್ಲ.

ವಾದ ಇನ್ನೂ ಮುಂದೆ ಹೋಗಿ ಸರಕಾರದ ಕೈ ಸೇರಿದ ಉದಾಹರಣೆಯೂ ಇದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಬಸವಣ್ಣನವರ ಕಾಲವನ್ನು ಕುರಿತ ಕಾದಂಬರಿ. ಅಕ್ಕನಾಗಮ್ಮನ ಚಿತ್ರಣ ಭಕ್ತರ ಮನಸ್ಸನ್ನು ನೋಯಿಸಿತೆಂದು ಕರ್ನಾಟಕ ಸರಕಾರ 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪನವರು ಆ ಆದೇಶವನ್ನು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟು ಸರಕಾರದ ಕ್ರಮವನ್ನು ಎತ್ತಿಹಿಡಿಯಿತು. ನೋವಾದವರ ನೋವು ಸುಳ್ಳೆಂದು ಯಾರೂ ಹೇಳಬೇಕಿಲ್ಲ. ಆದರೆ ಪುಸ್ತಕವೇ ಕೈಗೆ ಸಿಗದಾದ ಮೇಲೆ ಆ ನೋವು ಸರಿಯೋ, ಹೆಚ್ಚಾಯಿತೋ ಎಂದು ಮುಂದಿನ ಓದುಗರು ಪರೀಕ್ಷಿಸಲಾರರು. ಆ ಮುಟ್ಟುಗೋಲಿಗಿಂತ ನಾಲ್ಕು ದಶಕಕ್ಕೂ ಹೆಚ್ಚು ಹಿಂದೆ ಅ.ನ. ಕೃಷ್ಣರಾಯರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಅಶ್ಲೀಲವೆಂದು ಗದ್ದಲವಾದಾಗ, ಅನಕೃ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ವಿರೋಧಿಸಿದವರು ಅದನ್ನೂ ವಿರೋಧಿಸಬಹುದಾಗಿತ್ತು. ವಾದ ಮುಂದುವರಿಯಲು ದಾರಿ ತೆರೆದೇ ಇತ್ತು.

ಪದ್ಯ ಬಿಡದ ಅರ್ಥಧಾರಿ

ಒಪ್ಪದಿರುವುದನ್ನೇ ಕಲೆಯಾಗಿ ಬೆಳೆಸಿದ ಪರಂಪರೆ ಕರ್ನಾಟಕದ ಕರಾವಳಿಯಲ್ಲಿದೆ. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದರ ಅರ್ಥ ಬೆಳೆಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಮಾತಿಗೆ ಕುಳಿತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನ ಪರವಾಗಿ ಬಂದಿದ್ದ ಕೇಳುಗರೂ ಒಂದು ಗಳಿಗೆ ವಾಲಿಯ ಕಡೆ ವಾಲುತ್ತಿದ್ದರು. ರಾಮನ ಪಾತ್ರಧಾರಿ ಸುಮ್ಮನಿರುವಂತಿಲ್ಲ, ಉತ್ತರ ಕಟ್ಟಲೇಬೇಕು. ಅದೇ ಪ್ರಸಂಗ ಮರುವಾರ ಇನ್ನೊಂದು ಊರಿನಲ್ಲಿ ಬೇರೆ ಅರ್ಥದಲ್ಲಿ ಬೆಳೆಯುತ್ತದೆ. ಈ ಸ್ವಾತಂತ್ರ್ಯಕ್ಕೆ ಒಂದೇ ಕಟ್ಟು: ಪದ್ಯವನ್ನು ಬಿಡುವಂತಿಲ್ಲ. ಪದ್ಯ ಬಿಟ್ಟು ಎಷ್ಟು ಚಂದ ಮಾತಾಡಿದರೂ ರಸಿಕರು ಒಪ್ಪುವುದಿಲ್ಲ.

ಕಾದಂಬರಿಯ ಓದುಗರಿಗೆ ಬೇಕಾದ ಶಿಸ್ತು ಇದೇ. ಚಂದ್ರಿಯ ರಾತ್ರಿ, ಶ್ರೋತ್ರಿಯ ಹುಟ್ಟು, ವಿನ್ಸೆಂಟ್ ಕಂಡ ರಕ್ತ, ಇವುಗಳ ಬಗ್ಗೆ ಹತ್ತು ಜನ ಹತ್ತು ಮಾತಾಡಬಹುದು. ಆ ಪುಟಕ್ಕೆ ಬಂದು ಮಾತಾಡಬೇಕು.

ಇಂಗ್ಲೆಂಡಿನ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜಿನಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಕವಿಗಳ ಹೆಸರು ಮುಚ್ಚಿ ಕವಿತೆಗಳನ್ನು ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ, 1929ರಲ್ಲಿ ಒಂದು ಪುಸ್ತಕವನ್ನೇ ಮಾಡಿದರು. ಅಭಿಪ್ರಾಯಗಳು ದಿಕ್ಕಿಗೊಂದಾಗಿದ್ದವು. ರಿಚರ್ಡ್ಸ್ ಅವನ್ನು ತಪ್ಪು ಸರಿ ಎಂದು ಬದಿಗಿಡದೆ, ಓದು ಎಲ್ಲಿ ಜಾರಿತು, ಹೇಗೆ ಜಾರಿತು ಎಂದು ವಿಂಗಡಿಸಿದರು. ಕನ್ನಡದಲ್ಲಿ ವಿಮರ್ಶಕರ ಮಾತು ಪುಸ್ತಕವಾಗಿ ಉಳಿಯುತ್ತದೆ; ಸಾಮಾನ್ಯ ಓದುಗರು ವಾರಪತ್ರಿಕೆಗಳಿಗೆ ಬರೆದ ಪತ್ರಗಳು ಹಳೆಯ ಸಂಚಿಕೆಗಳೊಂದಿಗೆ ರದ್ದಿಗೆ ಹೋಗುತ್ತವೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಮನೆಮನೆಯಲ್ಲಿ ಓದಿದ ಹೆಂಗಸರು ಪರಸ್ಪರ ಏನು ವಾದಿಸಿದರು ಎಂಬುದಕ್ಕೆ ಇಂದು ಸಿಗುವ ದಾಖಲೆ ಬಹಳ ಕಡಿಮೆ. ಕನ್ನಡ ಸಾಹಿತ್ಯ ಚರಿತ್ರೆಯ ದೊಡ್ಡ ಪಾಲು ಹೀಗೆ ಬಾಯಿ ಮಾತಿನಲ್ಲೇ ಕಳೆದುಹೋಗಿದೆ.

ಆದ್ದರಿಂದ ದತ್ತಿ ನಡೆಸುವ ಸಂಸ್ಥೆಗಳ ಮುಂದೆ ಒಂದು ಕೆಲಸವನ್ನು ಇಡಬಹುದು. ಊರಿನ ಗ್ರಂಥಾಲಯದಲ್ಲಿ, ಕಾಲೇಜಿನಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹತ್ತಾರು ಓದುಗರು ಒಂದೇ ಕಾದಂಬರಿಯನ್ನು ಓದಲಿ. ಚರ್ಚೆಗೆ ಕೂರುವ ಮೊದಲು ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ: ಯಾವ ಭಾಗ ಒಪ್ಪಿಗೆಯಾಯಿತು, ಯಾವುದು ಆಗಲಿಲ್ಲ, ಅದಕ್ಕೆ ಆಧಾರ ಎಷ್ಟನೆಯ ಪುಟದಲ್ಲಿದೆ. ಚರ್ಚೆಯಾಗಿ ಒಂದು ತಿಂಗಳ ನಂತರ ಅದೇ ಓದುಗರು ಮತ್ತೊಮ್ಮೆ ಬರೆಯಲಿ. ಪುಸ್ತಕ ಮುಚ್ಚಿದ ದಿನದ ಮಾತಿನಲ್ಲಿ ಪಾತ್ರಗಳ ಮೇಲಿನ ಸಿಟ್ಟು, ಅಕ್ಕರೆ ಹೆಚ್ಚಿರುತ್ತದೆ; ತಿಂಗಳು ಕಳೆದ ಮೇಲೆ ಕಟ್ಟುವಿಕೆಯ ಮಾತು ಬರುತ್ತದೆ. ಎರಡೂ ಬೇಕು, ಎರಡನ್ನೂ ಒಂದೇ ಕಡತದಲ್ಲಿ ಕಾಪಿಡಬೇಕು. ವಿಮರ್ಶಕರನ್ನು ಕರೆಯುವುದಿದ್ದರೆ ಆ ಕಡತವನ್ನು ಓದಿಸಿದ ಮೇಲೆ ಕರೆಯಬೇಕು.

ಮೊದಲ ಪುಸ್ತಕವಾಗಿ ತೀರ್ಪು ಇನ್ನೂ ಗಟ್ಟಿಯಾಗದ ಕೃತಿಯೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ 2021ರಲ್ಲಿ ಬಂದದ್ದು. ತನ್ನನ್ನು ಉದಾರವಾದಿಯೆಂದು ನಂಬಿರುವ ವೆಂಕಟನ ಮನೆ ಬಾಗಿಲಿಗೆ ಮಗಳು ರೇಖಾಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬರುತ್ತಾರೆ. ಅಲ್ಲಿಂದ ಮುಂದೆ ಅವನ ಮಾತನ್ನು ಎಷ್ಟು ನಂಬಬೇಕು ಎಂಬ ಬಗ್ಗೆ ಒಂದೇ ಮನೆಯಲ್ಲಿ ಓದಿದ ತಂದೆ ಮತ್ತು ಮಗಳು ಕೂಡ ಬೇರೆ ಬೇರೆ ಉತ್ತರ ಕೊಡುವ ಸಾಧ್ಯತೆ ಹೆಚ್ಚು. ಓದುವ ಗುಂಪಿನಲ್ಲಿ ಆ ಇಬ್ಬರಿಗೂ ಜಾಗವಿರಲಿ, ಮತ್ತು ಮೊದಲ ಪುಟವನ್ನು ಮಗಳು ಬರೆಯಲಿ.